ಸೀಡಿಯ ಮೇಲಿನ ವಿಭೂತಿ

ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿದೆ, ಜೋಳ ಹಸನು ಮಾಡಿ ಗಿರಣಿಗೆ ಕಳಿಸಿದೆ, ಅಂಗಡಿಯ ಕಂಪ್ಯೂಟರ್ ಮೇಲಿನ ಧೂಳು ಒರೆಸಿದೆ, ಲಗ್ನಪತ್ರಿಕೆಯೊಂದರ ತಪ್ಪು ತಿದ್ದಿದೆ. ಈ ಅಂಗಡಿ ನನ್ನದಲ್ಲ. ನನ್ನ ನೆಗೆಣ್ಣಿ ಗಿರಿಜಾಳದು — ಅವಳ ಕೈ ಕೆಟ್ಟದ್ದೆಂದು ಸುಳ್ಳು ಹೇಳಿ ಕಸಿದುಕೊಂಡೆ.

ಗಿರಿಜಾ ನನ್ನ ಮೈದುನನ ಹೆಂಡತಿ. ಕಬ್ಬಿನ ಟ್ರ್ಯಾಕ್ಟರ್ ಉರುಳಿ ಅವನು ತೀರಿಕೊಂಡ ಮೇಲೆ ಮಾವ ಅವಳನ್ನು ಬೆಳಗಾವಿಗೆ ಕಳಿಸಿ ಕಂಪ್ಯೂಟರ್ ಕಲಿಸಿದರು. ಬೈಲಹೊಂಗಲದ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಲಗ್ನಪತ್ರಿಕೆ ಮಾಡುವ ಅಂಗಡಿ ತೆರೆಯುವುದು, ಅದನ್ನು ಗಿರಿಜಾ ನಡೆಸುವುದು ಎಂದು ಮಾತಾಗಿತ್ತು. ಹಿರಿಯ ಸೊಸೆ ನಾನು ಒಲೆಯ ಮುಂದೆ, ಅವಳು ಕುರ್ಚಿಯ ಮೇಲೆ... ನನಗೆ ಸಹಿಸಲಾಗಲಿಲ್ಲ.

ಕಂಪ್ಯೂಟರ್ ಬಂದ ದಿನ ಬೀಗರನ್ನೆಲ್ಲ ಕರೆದಿದ್ದೆವು. ಪೂಜೆ ಮಾಡಿದವಳು ನಾನು. ಗಂಡನಿಲ್ಲದವಳೆಂದು ಗಿರಿಜಾಳನ್ನು ಬಾಗಿಲ ಹೊರಗೆ ನಿಲ್ಲಿಸಿದೆವು. ಕನ್ನಡ ಅಕ್ಷರದ ಸಾಫ್ಟ್‌ವೇರ್ ಇದ್ದ ಸೀಡಿಯನ್ನೂ ತಾಟಿನಲ್ಲಿ ಇಟ್ಟಿದ್ದರು. ಕನ್ನಡಿಯಂತೆ ಹೊಳೆಯುವ ಬದಿಯೇ ಅದರ ಮುಖವೆಂದು ತಿಳಿದು, ಅದರ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದೆ, ಕುಂಕುಮ ಹಚ್ಚಿದೆ.

"ಅಕ್ಕಾರ, ಹೆಸರು ಇದ್ದ ಬದಿ ಮ್ಯಾಲ ಬರಂಗ ಇಡ್ರಿ," ಎಂದು ಗಿರಿಜಾ ಹೊರಗಿನಿಂದಲೇ ಹೇಳಿದಳು. ಕಂಪ್ಯೂಟರಿನಿಂದ ಹೊರಬಂದ ತಟ್ಟೆಯಲ್ಲಿ ಹಾಗೆಯೇ ಇಟ್ಟೆ. ವಿಭೂತಿ ಕೆಳಗಾಯಿತು.

ಆಮೇಲೆ ಅವಳು ಬಂದು ಕುಳಿತಳು. ಇನ್‌ಸ್ಟಾಲ್ ಅರ್ಧಕ್ಕೆ ಹೋಗಿ ನಿಂತಿತು. ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದಳು. ಅರೆಬರೆ ಕುಳಿತದ್ದನ್ನು ಅಳಿಸಿ ಮೊದಲಿನಿಂದ ಹಾಕಿದಳು. ಒಳಗೆ ಜಾಗ ಸಾಲದೇನೋ ಎಂದು ನೋಡಿದಳು. ಮತ್ತೆ ಅಲ್ಲಿಗೇ ಬಂದು ನಿಂತಿತು.

"ಅಕ್ಕಾರ, ಒಮ್ಮಿ ಸೀಡಿ ಹೊರಗ ತಗದು ನೋಡ್ಲೇನ್ರಿ?"

"ಪೂಜಿ ಮಾಡಿ ಇಟ್ಟದ್ದು. ಕೆಲಸ ಆಗೂ ಮಟಾ ತಗೀಬಾರ್ದು," ಎಂದೆ. ಆಗಿನ್ನೂ ನನಗೆ ಕಾರಣ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಮಾಡಿದ್ದು —

"ಇರ್ಲಿ ಏಳವಾ, ಬೀಗರಿಗೆ ಚಾ ಮಾಡು ಹೋಗು," ಎಂದರು ಅತ್ತೆ. ಗಿರಿಜಾ ಒಳಗೆ ಹೋದಳು, ಬೀಗರು ಅಂಗಳಕ್ಕೆ ಎದ್ದರು. ನಾನೊಬ್ಬಳೇ ಸೀಡಿ ತೆಗೆದು ತಿರುಗಿಸಿದೆ. ಒಣಗಿದ ಮೂರು ಬಿಳಿ ಗೆರೆ, ನಡುವೆ ಕುಂಕುಮ. ತಿಳಿಯಿತು: ಕಂಪ್ಯೂಟರ್ ಓದುವ ಬದಿಯನ್ನೇ ನಾನು ಮುಚ್ಚಿಬಿಟ್ಟಿದ್ದೆ. ಸೆರಗಿನಿಂದ ಒರೆಸಿದೆ — ಗಂಡ ಸತ್ತ ಮೇಲೆ ಗಿರಿಜಾ ಉಡಬಾರದೆಂದು ನಾನೇ ತೆಗೆದಿಟ್ಟುಕೊಂಡಿದ್ದ ಅವಳ ಇಳಕಲ್ ಸೀರೆಯ ಸೆರಗು ಅದು. ಅವಳು ಒತ್ತುತ್ತಿದ್ದ ಗುಂಡಿಯನ್ನೇ ಒತ್ತಿದೆ. ಸಾಫ್ಟ್‌ವೇರ್ ಸರಾಗ ಕುಳಿತಿತು.

ಎಲ್ಲರನ್ನೂ ಕೂಗಿದೆ. ಅವಳು ಚಹಾ ಹಿಡಿದು ಬರುವುದನ್ನೇ ಕಾದು ಹೇಳಿದೆ:

"ನೋಡ್ರಿ, ಕೈ ಬದಲಾತು, ಕೆಲಸ ಆತು. ಗಂಡನ್ನ ನುಂಗಿದ ಕೈಲೆ ಲಗ್ನಪತ್ರಿಕಿ ಮಾಡಿಸಿದ್ರ ಆ ಮನಿ ಉಳೀತೈತೇನ್ರಿ?"

ಯಾರೋ ನಕ್ಕರು. ಗಿರಿಜಾ ಚಹಾ ಕೆಳಗಿಟ್ಟು ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು. ನಂಬಿದಳು. ಅವಳು ನಂಬಿದ್ದನ್ನು ಕಂಡು ನನಗೆ ಹಿತವಾಯಿತು — ಬರೆಯುವುದಾದರೆ ಇದನ್ನೂ ಬರೆಯಬೇಕು. ಅಂದಿನಿಂದ ಇಷ್ಟು ವರ್ಷ ಅವಳು ಆ ಖೋಲಿಯ ಹೊಸ್ತಿಲು ದಾಟಿಲ್ಲ. ಒಲೆ ಅವಳ ಪಾಲಿಗೆ ಬಂತು, ಕುರ್ಚಿ ನನಗೆ.

ಇವತ್ತು ಹೊಸ ಪ್ರಿಂಟರಿನ ಸಾಫ್ಟ್‌ವೇರ್ ಕೂರಲಿಲ್ಲ. ಗಿರಿಜಾ ಹೊಸ್ತಿಲ ಹೊರಗಿನಿಂದ ಚಹಾ ಚಾಚಿದಳು. ಕಾಲೇಜಿಗೆ ಹೋಗುವ ನನ್ನ ಮಗಳು ರೂಪಾ ತಿರುಗಿ, "ಚಿಗವ್ವಾ, ನೀ ಏನರೆ ಮುಟ್ಟಿದ್ದೇನು?" ಎಂದಳು.

"ಇಲ್ಲವಾ, ಹೊರಗ ನಿಂತೇನಿ."

ಎಷ್ಟು ಸಹಜವಾಗಿ ಕೇಳಿದಳು, ಎಷ್ಟು ಸಹಜವಾಗಿ ಗಿರಿಜಾ ಉತ್ತರ ಕೊಟ್ಟಳು! ಸಾಫ್ಟ್‌ವೇರ್‌ಗಿಂತ ಮೊದಲೇ ಪ್ರಿಂಟರಿನ ವಾಯರು ಚುಚ್ಚಿದ್ದೆವು, ಅಷ್ಟೇ. ಕಿತ್ತು, ಅಳಿಸಿ, ಮೊದಲಿನಿಂದ ಹಾಕಿದೆ, ಆಯಿತು. ಆದರೆ ಮಗಳ ಬಾಯಲ್ಲಿ ಕುಳಿತ ನನ್ನ ಮಾತು...

ಸಂಜೆ ಅಡುಗೆಮನೆಯಲ್ಲಿ ಎಲ್ಲರೂ ಊಟಕ್ಕೆ ಕುಳಿತಾಗ ಎಲ್ಲವನ್ನೂ ಹೇಳಿದೆ. ರೂಪಾ ತಾಟು ಸರಿಸಿದಳು. "ಈಗ್ಯಾಕ ಇದೆಲ್ಲಾ? ಸುಮ್ನ ಉಣ್ರಿ," ಎಂದರು ನನ್ನ ಯಜಮಾನರು.

ಗಿರಿಜಾ ಬಡಿಯುತ್ತಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ನನ್ನ ಕಡೆ ನೋಡದೆ ಹೇಳಿದಳು:

"ಅಂದದ್ದು ಬೀಗರ ಮುಂದ, ಅಕ್ಕಾರ. ತಪ್ಪಾತು ಅನ್ನೂದು ಅಡಗಿಮನ್ಯಾಗೇನ್ರಿ?"

ಅಂದು ಬಂದವರ ಮನೆಗಳಿಗೆಲ್ಲ ಹೋಗಬೇಕು, ಅವರ ಪಡಸಾಲೆಯಲ್ಲಿ ನಿಂತು ಹೇಳಬೇಕು. ಅವಳು ಕ್ಷಮಿಸುವುದು ಬಿಡುವುದು ಬೇರೆ.

ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ ಇತ್ತು. ಯಜಮಾನರು ಉಂಡರು, ನಾನೂ ಉಂಡೆ. ಗಿರಿಜಾ ಎಂಜಲು ತಾಟುಗಳನ್ನು ಇದ್ದಲ್ಲೇ ಬಿಟ್ಟು, ಕೈ ತೊಳೆದು, ಎಲ್ಲರಿಗಿಂತ ಮೊದಲು ಹೋಗಿ ಮಲಗಿದಳು.