ಸೇತುವೆಗೆ ಹಿರೇಸೊಸೆ ಬೇಕಂತೆ

ನಮ್ಮ ಹಳ್ಳಕ್ಕೆ ಸರ್ಕಾರ ಸಿಮೆಂಟಿನ ಸೇತುವೆ ಕಟ್ಟಿದ್ದು ಅರವತ್ತರ ಆಸುಪಾಸಿನಲ್ಲಿ. ನಾನು ದಾಸನಕೊಪ್ಪದ ಸೀಮೆಗೆ ಸೊಸೆಯಾಗಿ ಬಂದು ಬಹಳ ದಿನವಾಗಿರಲಿಲ್ಲ. ಹಳ್ಳದ ಈಚೆ ಗಂಡನ ಮನೆ, ಆಚೆ ಬನವಾಸಿ ಕಡೆಗೆ ತವರು. ಸೇತುವೆ ಬಂದದ್ದು ನನಗಾಗಿಯೇ ಎಂದುಕೊಂಡಿದ್ದೆ. ಅದನ್ನು ಕಟ್ಟುವಾಗ ಹಳೆಯ ಗಾಡಿದಾರಿಯ ದಂಡೆ ಕಡಿದು ಹಾಕಿದ್ದರು. ಕಾಲ್ನಡಿಗೆಯವರು ಬೇಕಾದರೆ ನೀರಿಗಿಳಿದು ದಾಟಬಹುದಿತ್ತು. ಗಾಡಿಗೆ ಮಾತ್ರ ಸೇತುವೆಯೊಂದೇ ಗತಿ.

ಮೊದಲ ಮಳೆಗಾಲ ಕಳೆದ ಮೇಲೆ ಸೇತುವೆಯ ಕೆಳಗೆ ಅಲ್ಲಲ್ಲಿ ನೀರು ಜಿನುಗಿದ್ದು ಕಂಡಿತು. ಬಸ್ಸು ಬಿಡುವ ಮುಂಚೆ ಪರೀಕ್ಷೆ ಮಾಡಬೇಕೆಂದು ಒಬ್ಬ ಓವರ್ಸಿಯರ್ ಬಂದ. ಕುಮಟೆ ಕಡೆಯವನು. ಕೈಯಲ್ಲಿ ಸಣ್ಣ ಸುತ್ತಿಗೆ, ಒಂದು ಮರದ ಕೋಲು. ಕೋಲಿನ ಒಂದು ತುದಿಯನ್ನು ಸೇತುವೆಗೆ ಊರಿ, ಇನ್ನೊಂದಕ್ಕೆ ಕಿವಿ ಹಚ್ಚಿ, ಪಕ್ಕದಲ್ಲಿ ಸುತ್ತಿಗೆಯಿಂದ ಬಡಿಯುವನು. ಕಣ್ಣು ಮುಚ್ಚಿ ಆಲಿಸುವನು. ಕೆಲವು ಕಡೆ ಬಳಪದಿಂದ ಸುತ್ತು ಬರೆಯುವನು. ಅವನಿಗೆ ಬೇರೆ ಸದ್ದು ಆಗಬಾರದು. ಎತ್ತುಗಳ ಕೊರಳಗಂಟೆ ಬಿಚ್ಚಿಸಿದ. ಬಟ್ಟೆ ಒಗೆಯುವವರನ್ನು ಎಬ್ಬಿಸಿದ. ಕಪ್ಪೆಗಳಿಗೂ ಕಲ್ಲು ಹೊಡೆಸಿದ. ಊರಿಗೆ ಊರೇ ದಂಡೆಯ ಮೇಲೆ ಉಸಿರು ಹಿಡಿದು ಕೂತಿತು.

ಕೆರೆಯಾಗಲಿ ಸೇತುವೆಯಾಗಲಿ ಬಲಿ ಬೇಡದೆ ಬಿಡುವುದಿಲ್ಲ ಎಂಬುದು ನಮ್ಮ ಕಡೆ ಹಾಲು ಕುಡಿಯುವ ಕೂಸಿಗೂ ಗೊತ್ತು. ಅದರ ಜೊತೆ ಹೀಗೆ ಮಾತಿಗೆ ಕೂತವನನ್ನು ಮಾತ್ರ ಯಾರೂ ಕಂಡಿರಲಿಲ್ಲ. ಮೊದಲ ದಿನ ಸಂಜೆ, ಸೇತುವೆಗೆ ಕೋಣ ಬೇಕಂತೆ ಎಂದು ಸುದ್ದಿಯಾಯಿತು. ಮರುದಿನ ಕೋಣ ಸಾಲದಂತೆ, ಮನುಷ್ಯರೇ ಆಗಬೇಕಂತೆ. ಸಂತೆ ಮುಗಿಯುವಷ್ಟರಲ್ಲಿ, ಒಂದು ಮನೆಯ ಹಿರೇಸೊಸೆಯೇ ಬೇಕಂತೆ ಎಂದು ನಿಕ್ಕಿಯಾಯಿತು. ಓವರ್ಸಿಯರ್ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಊರವರಿಗೆ ಅದೇ ಸಾಕ್ಷಿ. ಸುಳ್ಳಾಗಿದ್ದರೆ ಯಾಕೆ ಮುಚ್ಚಿಡುತ್ತಿದ್ದ?

ನಾನು ಹಿರೇಸೊಸೆ. ಚೊಚ್ಚಲ ಬಸುರಿ. ಇನ್ನೇನು ಅಣ್ಣ ಗಾಡಿ ತರುವವನಿದ್ದ.

“ಸೇತುವಿ ದಾಟೂದು ಬ್ಯಾಡ. ಇಲ್ಲೇ ಹಡಿ,” ಅಂದಳು ಅತ್ತೆ.

ನನಗೆ ಬಲಿಯ ಭಯ ಅಷ್ಟಿರಲಿಲ್ಲ. ತವರಿನಲ್ಲಿ ಹಡೆದರೆ ಮೂರು ತಿಂಗಳು ಬೆಚ್ಚಗೆ ಮಲಗಬಹುದು. ಇಲ್ಲಿ ಹಡೆದರೆ ವಾರ ತುಂಬುವುದರೊಳಗೆ ರೊಟ್ಟಿ ಬಡಿಯಲು ಕೂರಿಸುತ್ತಾರೆ. ನನ್ನ ಚಿಂತೆ ಅದು.

“ಹಂಗಾರ ನನ್ನ ಸಣ್ಣ ಸೊಸಿ ಮಾಡ್ರಿ ಅತ್ತಿ,” ಅಂದೆ.

ಆಗಲೇ ಬೇರೆ ಮನೆಗಳಲ್ಲೂ ಅದೇ ನಡೆದಿತ್ತು. ಊರಿನಲ್ಲಿ ಯಾರನ್ನು ಕೇಳಿದರೂ ತಾನು ಸಣ್ಣ ಸೊಸೆ ಅನ್ನುವವಳೇ. ಅತ್ತೆ ವಿಚಾರ ಮಾಡಿ ನನ್ನ ನೆಗೆಣ್ಣಿಯನ್ನು, ಅಂದರೆ ಮೈದುನನ ಹೆಂಡತಿಯನ್ನು, ಕರೆದಳು. ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು.

“ಚಂದ ಐತಿ ಬಿಡಕ್ಕಾ! ಹೋಳಿಗಿ ಹಂಚೂವಾಗ ನೀ ಹಿರೇಸೊಸಿ, ಸೇತುವಿ ಬಾಯಿಗೆ ಬೀಳೂವಾಗ ನಾನೇನು?”

ಅವಳದೇನೂ ತಪ್ಪಿರಲಿಲ್ಲ. ನಾನು ಸೆರಗು ಬಿಗಿದು ನೇರ ಹಳ್ಳಕ್ಕೆ ಹೋದೆ. ಓವರ್ಸಿಯರ್ ಮರದಡಿ ಅವಲಕ್ಕಿ ತಿನ್ನುತ್ತಿದ್ದ.

“ಸಾಹೇಬ್ರ, ಅದು ಏನಂತು?”

“ಯಾವುದು?”

“ಸೇತುವಿ. ಹಿರೇಸೊಸಿ ಬೇಕಂತಲ್ಲ. ಆಕಿ ನಾನ. ಗಾಡಿ ತರಸಬೇಕೋ ಬ್ಯಾಡೋ, ಒಂದ್ ಮಾತು ಹೇಳ್ರಿ.”

ಅವನು ನನ್ನ ಮುಖ ನೋಡಿದ, ಹೊಟ್ಟೆ ನೋಡಿದ, ಅವಲಕ್ಕಿ ಬಿಟ್ಟು ಎದ್ದ. “ಬಾ ತಂಗಿ,” ಎಂದು ಕೋಲನ್ನು ನನ್ನ ಕಿವಿಗೇ ಕೊಟ್ಟ. ಒಂದು ಕಡೆ ಬಡಿದ. ಟಣ್ ಅಂತು. ಬಳಪದ ಸುತ್ತಿನೊಳಗೆ ಬಡಿದ. ಬದ್ ಅಂತು, ಸೀಳು ಬಿಟ್ಟ ಗಡಿಗೆಯ ಹಾಗೆ.

“ಇಲ್ಲಿ ಒಳಗೆ ಟೊಳ್ಳು. ಕಾಂಕ್ರೀಟು ಹಾಕುವಾಗ ಸರಿಯಾಗಿ ಕುಟ್ಟಿ ಕೂರಿಸಲಿಲ್ಲ. ಹೊರಗಿಂದ ಕಾಣೂದಿಲ್ಲ. ಇಡೀ ಸೇತುವೆ ಒಡೆದು ನೋಡೂಕೆ ಆಗ್ತದಾ? ಅದಕ್ಕೇ ಬಡಿದು ಬಡಿದು ಕಿವಿ ಕೊಡೂದು.”

“ಮತ್ತ ಸೊಸಿ?”

“ಅದಕ್ಕೆ ಬೇಕಾದ್ದು ಸಿಮೆಂಟು ಮಾರಾಯ್ತಿ. ಸೊಸೆ ಎಂತಕ್ಕೆ?”

ಮನೆಗೆ ಬಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಅತ್ತೆ ಎದೆ ಮೇಲೆ ಕೈಯಿಟ್ಟುಕೊಂಡಳು. “ಒಳಗ ಟೊಳ್ಳೈತಂತ? ಅಂದ್ರ ಹಸದೈತಿ ಅಂತಾತಲ್ಲೇ!”



ಕೆಲಸದವರು ಸುತ್ತು ಬರೆದಲ್ಲೆಲ್ಲ ಕೆತ್ತಿ ಹೊಸದಾಗಿ ಸಿಮೆಂಟು ತುಂಬಿದರು. ಅದು ಗಟ್ಟಿಯಾಗುವ ತನಕ ನಾನು ಹೊಟ್ಟೆ ಹಿಡಿದುಕೊಂಡು ಕಾದೆ. ಓವರ್ಸಿಯರ್ ಮತ್ತೆ ಬಂದು ಬಡಿದ. ಎಲ್ಲ ಕಡೆ ಟಣ್. ದಂಡೆಯ ಮೇಲಿನ ಹಿರಿಯರು, ಹೊಟ್ಟೆ ತುಂಬಿತು, ಇನ್ನು ಚಿಂತೆಯಿಲ್ಲ ಎಂದು ಎದ್ದರು. ನನ್ನತ್ತೆ ಏಳಲಿಲ್ಲ.

“ಊಟ ಆತು. ಎಲಿ ಅಡಿಕಿ?”

ಓವರ್ಸಿಯರ್ ಸುತ್ತಿಗೆ ಚೀಲಕ್ಕೆ ಹಾಕಿದ. ಅತ್ತೆ ಸೇತುವೆಯ ತಲೆಯಲ್ಲಿ ಎಲೆ, ಅಡಿಕೆ, ಮೇಲೆ ಒಂದಿಷ್ಟು ಸುಣ್ಣವನ್ನೂ ಇಟ್ಟಳು.

ಅಣ್ಣ ಗಾಡಿ ತಂದ. ಅತ್ತೆ ಸೇತುವೆಯ ತನಕ ಬಂದಳು, ಮೇಲೆ ಕಾಲಿಡಲಿಲ್ಲ. ನಡುಮಧ್ಯದಲ್ಲಿ ಗಾಡಿ ನಿಲ್ಲಿಸಿ ನಾನು ಇಳಿದೆ. ಕಲ್ಲು ತೆಗೆದುಕೊಂಡು ಹೊಸ ಸಿಮೆಂಟಿನ ಮೇಲೆ ಬಡಿದೆ.

“ಏನ್ ಮಾಡಾಕತ್ತೀಯೇ?” ಅಂದ ಅಣ್ಣ.

“ಸುಮ್ನಿರು, ಕೇಳೂಣು.”

ಟಣ್ ಅಂತು. ಹತ್ತಿ ಕೂತೆ.

ಗಂಡುಮಗು ಆಯಿತು. ಅಷ್ಟರಲ್ಲಿ ಸೇತುವೆಯ ಮೇಲೆ ಬಸ್ಸು ಓಡಾಡುತ್ತಿತ್ತು. ಮೊಮ್ಮಗನನ್ನು ನೋಡಲು ಅತ್ತೆ ಬಂದಳು. ಸೊಂಟದಿಂದ ಕೆಳಗೆ ಸೀರೆಯೆಲ್ಲ ತೊಪ್ಪೆ. ತಲೆಯ ಮೇಲೆ ಹೊತ್ತು ತಂದ ಕುಲಾವಿ, ದುಪ್ಪಟಿ ಮಾತ್ರ ಒಣಗಿದ್ದವು. ನನ್ನವ್ವ ಗಾಬರಿಯಾದಳು.

“ಅಯ್ಯ, ಬೀಗತಿ! ಸೇತುವಿ ಇತ್ತಲ್ರೀ?”

“ಇತ್ತವ್ವಾ,” ಅತ್ತೆ ಸೀರೆಯಂಚು ಹಿಂಡುತ್ತ ಅಂದಳು. “ನಿನ್ನ ಮಗಳಕಿಂತ ಮೊದಲ ಆ ಮನಿ ಹಿರೇಸೊಸಿ ನಾನ ಅಲ್ಲೇನು?”