ಹಡಗಿನ ಕಾನೂನಿನ ಕಪಾಟು

ನಮ್ಮ ಸೀನಿಯರ್ ವಕೀಲರ ಕಚೇರಿ ರಾಜಾಜಿನಗರದಲ್ಲಿತ್ತು. ಬೆಂಗಳೂರಿಗೆ ಸಮುದ್ರವಿಲ್ಲ, ಆದರೂ ಅವರು ನಡೆಸುತ್ತಿದ್ದುದು ಹಡಗಿನ ವ್ಯಾಜ್ಯಗಳನ್ನು. ಪೀಣ್ಯದ ಕಾರ್ಖಾನೆಗಳಿಂದ ಹೊರದೇಶಕ್ಕೆ ಹೊರಟ ಮಾಲು ದಾರಿಯಲ್ಲಿ ಹಾಳಾದರೆ ಮಾಲೀಕರು ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಅದಕ್ಕೆಂದೇ ಗಾಜಿನ ಬಾಗಿಲಿನ ಒಂದು ಕಪಾಟು: ಸರಕು ಸಾಗಣೆಯ ಕಾನೂನು, ಸಾಗರ ವಿಮೆ, ಹಡಗು ತಡೆಹಿಡಿದ ಪ್ರಕರಣಗಳ ಹಳೆಯ ತೀರ್ಪುಗಳು. ನಾನು ಜೂನಿಯರ್ ಆಗಿ ಸೇರಿದಂದಿನಿಂದ ಅದರ ಧೂಳು ಒರೆಸಿದವಳು, ಬಿಟ್ಟುಹೋದ ಹಾಳೆ ಅಂಟಿಸಿದವಳು ನಾನೇ. ಯಾವ ವಿಷಯ ಯಾವ ಸಂಪುಟದಲ್ಲಿದೆ ಎಂದು ಸೀನಿಯರ್ ನನ್ನನ್ನೇ ಕೇಳುತ್ತಿದ್ದರು. ಒಂದಲ್ಲ ಒಂದು ದಿನ ಆ ಕಪಾಟು ನನಗೇ ಬರುತ್ತದೆಂದು ನಂಬಿದ್ದೆ.

ಆಮೇಲೆ ಅವಳು ಬಂದಳು. ಹುಬ್ಬಳ್ಳಿ ಕಡೆಯವಳು, ನನಗಿಂತ ಚಿಕ್ಕವಳು, ಲಗ್ಗೆರೆಯಲ್ಲಿ ಬಾಡಿಗೆ ರೂಮು. ಮೊದಲ ದಿನದಿಂದಲೇ ನನ್ನನ್ನು ‘ಅಕ್ಕಾರ’ ಎಂದು ಕರೆದಳು. ಅವಳನ್ನು ದ್ವೇಷಿಸಲು ಒಂದು ಕಾರಣವನ್ನೂ ಅವಳು ಕೊಡಲಿಲ್ಲ. ಅದೇ ನನಗೆ ಇನ್ನಷ್ಟು ಕಷ್ಟವಾಗುತ್ತಿತ್ತು.

ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಟಿಪ್ಪಣಿ ಬರೆಯುವುದು ಸೀನಿಯರ್ ಅಭ್ಯಾಸ. ಬೇರೆಯವರು ಗೀಟು ಎಳೆದರೂ ಸಿಡಿದೇಳುತ್ತಿದ್ದರು. ಒಂದು ಮಧ್ಯಾಹ್ನ ವಿಮೆಯ ಸಂಪುಟ ತೆರೆದರೆ ಅವರ ಓರೆ ಬರಹದ ಕೆಳಗೆ ಅವಳ ದುಂಡನೆಯ ಅಕ್ಷರ.

“ಏನಮ್ಮ ಇದು? ಸಾರ್ ನೋಡಿದ್ರೆ ಸುಮ್ನೆ ಬಿಡ್ತಾರಾ?” ಎಂದೆ.

“ಸರ್ ಅವರ ‘ಬರಿ’ ಅಂದ್ರರೀ, ಅಕ್ಕಾರ.”

ಸೀನಿಯರ್ ನನಗೆ ಯಾವತ್ತೂ ಹಾಗೆ ಹೇಳಿರಲಿಲ್ಲ. ಆ ದಿನ ಊಟದ ಡಬ್ಬಿ ಬಿಚ್ಚಲೂ ಮನಸ್ಸಾಗಲಿಲ್ಲ.

ಕೆಲವು ತಿಂಗಳ ನಂತರ ಪೀಣ್ಯದ ಒಬ್ಬ ಕಾರ್ಖಾನೆ ಮಾಲೀಕರು ಬಂದರು. ಅವರ ಯಂತ್ರದ ಬಿಡಿಭಾಗಗಳಿದ್ದ ಕಂಟೇನರಿಗೆ ಉಪ್ಪುನೀರು ನುಗ್ಗಿ ಎಲ್ಲ ತುಕ್ಕು ಹಿಡಿದಿತ್ತು. ಹಡಗಿನ ಕಂಪನಿ ಪ್ಯಾಕಿಂಗ್ ಸರಿಯಿರಲಿಲ್ಲ ಎಂದು ಕೈ ತೊಳೆದುಕೊಂಡಿತ್ತು. ಹಡಗನ್ನು ನಮ್ಮ ಬಂದರಿನಲ್ಲಿ ತಡೆಹಿಡಿಸಿದರೆ ಪರಿಹಾರ ವಸೂಲಾಗುತ್ತಿತ್ತು, ಆದರೆ ಆ ಹಡಗು ಈ ಕಡೆಗೆ ಮತ್ತೆ ಬರುವಂತಿರಲಿಲ್ಲ.

“ಈಗೇನ್ ಮಾಡೋಣ, ಹೇಳ್ರಮ್ಮ,” ಎಂದು ಸೀನಿಯರ್ ನಮ್ಮಿಬ್ಬರನ್ನೂ ನೋಡಿದರು.

ನನಗೆ ಉತ್ತರ ಗೊತ್ತಿತ್ತು. ಆದರೆ ಹೊಸ ಕಾಯ್ದೆಯಲ್ಲೂ ಹಾಗೇ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಲು ಕಪಾಟಿನ ಕಡೆ ತಿರುಗಿದೆ. ಅಷ್ಟರಲ್ಲಿ ಅವಳು ಹೇಳಿಬಿಟ್ಟಳು: “ಅದೇ ಮಾಲೀಕನ ಇನ್ನೊಂದು ಹಡಗು ಮಂಗಳೂರಿಗೆ ಬರಾಕತ್ತೇತ್ರಿ, ಸರ್. ಅದನ್ನ ಹಿಡಿಸಬಹುದು.” ಕಾಯ್ದೆಯ ಕಲಮಿನ ಸಂಖ್ಯೆಯೂ ಅವಳ ಬಾಯಲ್ಲೇ ಇತ್ತು.

ಹೈಕೋರ್ಟು ಹಡಗನ್ನು ತಡೆಹಿಡಿಯಲು ಆದೇಶ ಕೊಟ್ಟಿತು. ಆದೇಶದ ಜೊತೆ ಬಂದರಿಗೆ ಹೋಗಲು ಸೀನಿಯರ್ ಅವಳನ್ನೇ ಕಳಿಸಿದರು. ಇಷ್ಟು ವರ್ಷ ಹಡಗಿನ ಕಾನೂನು ಓದಿದ ನಾನು ಒಂದು ಹಡಗನ್ನೂ ಹತ್ತಿರದಿಂದ ಕಂಡಿರಲಿಲ್ಲ. ವಿಜಯನಗರದ ಮನೆಗೆ ಹೋಗುತ್ತಿದ್ದಾಗ ಮೆಟ್ರೋದಲ್ಲಿ ಅವಳು ಕಳಿಸಿದ ಫೋಟೋ ಬಂತು. ಗೋಡೆಯಂತೆ ನಿಂತ ಕೆಂಪು ಹಡಗು, ಅದರ ಮುಂದೆ ಗಾಳಿಗೆ ಕೂದಲು ಕೆದರಿಕೊಂಡು ನಗುವ ಅವಳು. ‘ನೀವೂ ಬರಬೇಕಿತ್ತು, ಅಕ್ಕಾರ’ ಎಂದು ಬರೆದಿದ್ದಳು. ಉತ್ತರಕ್ಕೆ ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಫೋನನ್ನು ಬ್ಯಾಗಿಗೆ ತುರುಕಿದೆ. ಹಡಗಿನವರು ಕೋರ್ಟಿಗೆ ಭದ್ರತಾ ಠೇವಣಿ ಕಟ್ಟಿ ಹಡಗನ್ನು ಬಿಡಿಸಿಕೊಂಡರು, ಕೊನೆಗೆ ರಾಜಿಯಾಯಿತು.

ಸೀನಿಯರ್ ವಯಸ್ಸಾಯಿತೆಂದು ಕಚೇರಿ ಮುಚ್ಚಿದಾಗ ಆ ಕಪಾಟಿನ ಪುಸ್ತಕಗಳನ್ನು ಅವಳಿಗೆ ಕೊಟ್ಟರು. ಭೂ ಕಾನೂನಿನವು ನನಗೆ.

“ಬೇಜಾರಿಲ್ಲ ತಾನೇ?” ಎಂದು ಕೇಳಿದರು.

“ಅಯ್ಯೋ, ಇಲ್ಲ ಸಾರ್,” ಎಂದೆ. ಸಂಪುಟಗಳನ್ನು ಪೆಟ್ಟಿಗೆಗೆ ತುಂಬಲು ನೆರವಾದೆ. ಅವಳು ಖುಷಿಯಿಂದ ಏನೇನೋ ಮಾತಾಡುತ್ತಿದ್ದಳು. ನಾನು ಹಗ್ಗ ಬಿಗಿಯುತ್ತಿದ್ದೆ.

ಈಗ ನಾನು ವಿಜಯನಗರದಲ್ಲಿ ಸೈಟು, ಮನೆ ಭಾಗದ ಕೇಸು ನೋಡಿಕೊಳ್ಳುತ್ತೇನೆ. ಈಚೆಗೆ ನನ್ನ ಹಳೆಯ ಕಕ್ಷಿದಾರರೊಬ್ಬರ ಅಗರಬತ್ತಿ ಮಾಲು ಹಡಗಿನಲ್ಲಿ ನೆನೆದುಹೋಯಿತು. ಅದಕ್ಕೆ ಬೇಕಾದ ಪುಸ್ತಕ ನನ್ನಲ್ಲಿರಲಿಲ್ಲ; ಬೇರೆ ದಾರಿಯಿಲ್ಲದೆ ಅನ್ನಪೂರ್ಣೇಶ್ವರಿ ನಗರದ ಅವಳ ಕಚೇರಿಗೆ ಹೋದೆ. ಅವಳು ಎದ್ದು ಬಂದು ಕೈ ಹಿಡಿದುಕೊಂಡಳು, ಚಹಾ ತರಿಸಿದಳು, ಸೀನಿಯರ್ ಕೊಟ್ಟಿದ್ದ ಪುಸ್ತಕಗಳಿಂದ ಬೇಕಾದ ಸಂಪುಟವನ್ನು ತಾನೇ ತೆಗೆದುಕೊಟ್ಟಳು. ಆ ಪುಸ್ತಕ ಓದಿ ಕೇಸನ್ನು ನಾನೇ ನಡೆಸಿದೆ. ಹಡಗಿನವರು ಪರಿಹಾರಕ್ಕೆ ಒಪ್ಪಿದರು.

ಪುಸ್ತಕ ಹಿಂತಿರುಗಿಸಲು ಹೋದಾಗ ಅವಳು ತೆಗೆದುಕೊಳ್ಳಲಿಲ್ಲ. “ನಿಮ್ಮ ಹತ್ರನ ಇರ್ಲಿ ಬಿಡ್ರಿ, ಅಕ್ಕಾರ. ನನಗ ಹೊಸಾ ಆವೃತ್ತಿ ಬಂದೈತಿ.”

ಮನಸ್ಸಿನಿಂದಲೇ ಹೇಳಿದ್ದಳು. ಆದರೆ ನಾನು ಆಸೆಪಟ್ಟಿದ್ದು ಸೀನಿಯರ್ ಕೊಡಲಿ ಎಂದು. ಅವಳು ಕೊಟ್ಟರೆ ಅದು ಅವಳದೇ ಪುಸ್ತಕ.

“ಬೇಡಮ್ಮ, ಮನೇಲಿ ಜಾಗ ಇಲ್ಲ,” ಎಂದು ಸುಳ್ಳು ಹೇಳಿ, ಮೇಜಿನ ಮೇಲಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಂದೆ.