ಸಂಗಣ್ಣ ಹದ ಮಾಡಿದ ಕಣ

ಯಂಕಂಚಿಯ ಸಂಗಣ್ಣನಿಗೆ ಬರುತ್ತಿದ್ದುದು ಒಂದೇ ವಿದ್ಯೆ, ಕಣ ಮಾಡುವುದು. ಸುಗ್ಗಿ ಹತ್ತಿರ ಬಂತೆಂದರೆ ಸಿಂದಗಿ ಸೀಮೆಯ ರೈತರು ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ನೆಲ ಕೆತ್ತಿ, ನೀರು ಹೊಡೆದು, ಎತ್ತು ತುಳಿಸಿ, ಕಲ್ಲಿನ ಗುಂಡು ಉರುಳಿಸಿ, ಮೇಲೆ ಸಗಣಿ ಸಾರಿಸಿ ಅವನು ಬಿಟ್ಟುಕೊಟ್ಟ ಕಣದಲ್ಲಿ ಬಿರುಕು ಅಂತ ಹುಡುಕಿದರೂ ಸಿಗುತ್ತಿರಲಿಲ್ಲ. ಉಳಿದ ಕೆಲಸಗಳಲ್ಲಿ ಅವನು ಅಷ್ಟಕ್ಕಷ್ಟೇ. ಈ ಮಾತನ್ನು ಹೆಂಡತಿ ಸಾತವ್ವ ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು.

ಅಂಥವನು ಬಾಸ್ಕೆಟ್‌ಬಾಲಿಗೆ ಗಂಟುಬಿದ್ದದ್ದು ಸಿಂದಗಿಯ ಹತ್ತಿ ಗಿರಣಿಯ ಮಾಲಕ ರೇವಪ್ಪ ಸಾಹುಕಾರರ ದೆಸೆಯಿಂದ. ಪುಣೆಯಲ್ಲಿ ಓದುವಾಗ ಸಾಹುಕಾರರಿಗೆ ಈ ಆಟದ ಹುಚ್ಚು ಹತ್ತಿತ್ತು. ಸಾವಿರದ ಒಂಬೈನೂರ ಎಪ್ಪತ್ತೈದರ ಹೊತ್ತಿಗೆ ಅವರು ಸುತ್ತಲಿನ ಹಳ್ಳಿಗಳ ಎತ್ತರದ ಹುಡುಗರನ್ನು ಆರಿಸಿ ತಂದು, ತಿಂಗಳ ಪಗಾರ ಕೊಟ್ಟು, ಬರೀ ಆಡುವುದಕ್ಕೆಂದು ಇಟ್ಟುಕೊಂಡರು. ಅವರಿಗಿಂತ ನಾವೇನು ಕಡಿಮೆ ಎಂದು ಇಂಡಿ, ಮುದ್ದೇಬಿಹಾಳ, ಬಸವನಬಾಗೇವಾಡಿಯ ವ್ಯಾಪಾರಸ್ಥರೂ ಪಗಾರದ ತಂಡ ಕಟ್ಟಿದರು. ದೊಡ್ಡವರ ಹಟದಿಂದ ಒಂದಷ್ಟು ಬಡವರ ಮಕ್ಕಳು ಹೊಟ್ಟೆತುಂಬ ಉಂಡರು, ಅದೊಂದು ಒಳ್ಳೆಯದಾಯಿತು.

ಸಿಮೆಂಟಿನ ಅಂಗಳ ಮಾತ್ರ ಯಾರಿಗೂ ಒದಗಿರಲಿಲ್ಲ. "ಸಂಗಣ್ಣ, ಚೆಂಡು ಪುಟಿಯೂವಂಥಾ ಕಣ ಮಾಡಬೇಕು ನೋಡು" ಎಂದರು ಸಾಹುಕಾರರು. ಸಿಂದಗಿಯದು ಎರೆಮಣ್ಣಿನ ನೆಲ. ಬಿಸಿಲಿಗೆ ಬಾಯಿಬಿಡುತ್ತದೆ, ನೀರು ಬಿದ್ದರೆ ಬೆಣ್ಣೆಯಂತೆ ಜಾರುತ್ತದೆ. ಸಂಗಣ್ಣ ಅದನ್ನು ಮೊಳದಾಳಕ್ಕೆ ಕಿತ್ತು ಹಾಕಿ, ಬಂಡಿಗಟ್ಟಲೆ ಗರಸು ಮತ್ತು ಕೆಂಪು ಮಸಾರಿ ಮಣ್ಣು ತುಂಬಿಸಿ, ಹದ ಮಾಡಿ ಗುಂಡು ಎಳೆದ. ಚೆಂಡು ಹೇಳಿದಂತೆ ಕೈಗೆ ಪುಟಿಯಿತು. ಅಂದಿನಿಂದ ಅವನು ಗಿರಣಿಯ ಆಳಾದ. ಜಿಲ್ಲೆಯಲ್ಲಿ ಇಂಥ ಅಂಗಳ ಇನ್ನೊಂದಿಲ್ಲ ಎಂದು ಎದುರಾಳಿಗಳೇ ಹೊಗಳುವಾಗ ಅವನು ಏನೂ ಕೇಳಿಸದವನಂತೆ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ.

ಎಪ್ಪತ್ತಾರರ ಹಂಗಾಮಿನಲ್ಲಿ ಸಿಂದಗಿ ತಂಡಕ್ಕೆ ಸೋಲೆಂಬುದೇ ಇರಲಿಲ್ಲ. ಕುರಿ ಕಾಯುತ್ತಿದ್ದ ಅಮಸಿದ್ದ ಬುಟ್ಟಿಗೆ ಚೆಂಡು ಹಾಕುವುದರಲ್ಲಿ ಎಲ್ಲರನ್ನೂ ಮೀರಿಸಿದ. ಇಂಡಿಯ ಮೇಲೆ ಆಡಿದಾಗ ತಂಡದ ಅಂಕ ನೂರು ದಾಟಿತು. ಈ ಭಾಗದಲ್ಲಿ ಯಾವ ತಂಡವೂ ಅಷ್ಟು ಹೊಡೆದಿರಲಿಲ್ಲ. ಇನ್ನು ಉಳಿದದ್ದು ಕಡೆಯ ಪಂದ್ಯ, ಸಿಂದಗಿಯಲ್ಲೇ, ಮುದ್ದೇಬಿಹಾಳದ ಮೇಲೆ. ಅದನ್ನೂ ಗೆದ್ದರೆ ಪ್ರಶಸ್ತಿಯ ಕಪ್ಪು ಬರುವುದಷ್ಟೇ ಅಲ್ಲ, ಒಂದೂ ಸೋಲಿಲ್ಲದೆ ಹಂಗಾಮು ಮುಗಿಸಿದ ಮೊದಲ ತಂಡವೆಂಬ ಹೆಸರು ನಿಲ್ಲುತ್ತಿತ್ತು.

ಅಡ್ಡ ಇದ್ದವನು ಹಾಜಿಮಲಂಗ ಒಬ್ಬನೇ. ಮುದ್ದೇಬಿಹಾಳದ ಆ ಹುಡುಗ ಬುಟ್ಟಿಯ ಬಲಬದಿಗೆ ಓಡಿಬಂದು, ಎಡಗಾಲೂರಿ ಜಿಗಿದನೆಂದರೆ ತಡೆಯುವವರಿರಲಿಲ್ಲ. "ಅವನೊಬ್ಬ ಇರದಿದ್ರ ಕಪ್ಪು ನಮ್ಮ ಕಿಸೇದಾಗ ಇತ್ತು" ಎಂದು ಸಾಹುಕಾರರು ಚಹಾ ಕುಡಿಯುತ್ತ ಅಂದರು. ಅವರು ಅಂದದ್ದು ಅಷ್ಟೇ. ಹೀಗೆ ಮಾಡು ಎಂದು ಸಂಗಣ್ಣನಿಗೆ ಯಾರೂ ಹೇಳಲಿಲ್ಲ, ಅವನ ತಲೆಗೆ ತಾನಾಗಿ ಹೊಳೆಯಿತು.

ಪಂದ್ಯದ ದಿನ ಬೆಳಿಗ್ಗೆ ಅವನು ಮೊದಲರ್ಧದಲ್ಲಿ ಮುದ್ದೇಬಿಹಾಳದವರು ಚೆಂಡು ಹಾಕುವ ಬುಟ್ಟಿಯ ಬಲಬದಿಗೆ, ಹಿಟ್ಟು ನಾದುವ ಪರಾತದಷ್ಟಗಲ ಮಸಾರಿ ಕೆದರಿ, ಎರೆಮಣ್ಣು ತುಂಬಿ, ಮೇಲೆ ತೆಳುವಾಗಿ ಸಗಣಿ ಸಾರಿಸಿದ. ಒಣಗಿದ ಮೇಲೆ ಅವನಲ್ಲದೆ ಬೇರೆಯವರಿಗೆ ಗುರುತು ಸಿಗುವಂತಿರಲಿಲ್ಲ. ಧೂಳೇಳಬಾರದೆಂದು ಆಟಕ್ಕೆ ಮೊದಲು ನೀರು ಚಿಮುಕಿಸುವುದು ವಾಡಿಕೆ. ಅಲ್ಲಿಗೆ ಒಂದು ಕೈ ಹೆಚ್ಚು ಚಿಮುಕಿಸಿದ. ಹುಡುಗನ ಕಾಲು ತುಸು ಜಾರಲಿ, ನಾಲ್ಕು ಸಲ ಗುರಿ ತಪ್ಪಲಿ, ಅರ್ಧ ಆಟವಾದ ಮೇಲೆ ಬದಿ ಬದಲಾಗುವಾಗ ಉಸುಕು ಚೆಲ್ಲಿದರಾಯಿತು ಎಂದುಕೊಂಡಿದ್ದ.

ಹಾಜಿಮಲಂಗ ಓಡಿಬಂದ, ಎಡಗಾಲೂರಿದ, ಕಾಲು ಸರ್ರನೆ ಜಾರಿತು. ಹಿಮ್ಮಡಿಯ ಮೇಲಿನ ಎಲುಬು ಮುರಿದ ಸದ್ದು ಹೊರಗೆ ಕೂತವರಿಗೂ ಕೇಳಿತು. ಅವನನ್ನು ಎತ್ತಿಕೊಂಡು ಹೋದರು. ಬದಿ ಬದಲಾಗುವಾಗ ಸಂಗಣ್ಣ ಅಲ್ಲಿ ಉಸುಕು ಚೆಲ್ಲಿದ. ಸಿಂದಗಿ ಗೆದ್ದಿತು. ಗುಲಾಲು ಹಾರಿತು. "ಸಂಗಣ್ಣನ ಕಣದಾಗ ನಮಗ ಸೋಲಿಲ್ಲ" ಎಂದು ಹುಡುಗರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಆಮೇಲೆ ಅವನಿಗೆ ಉಂಡದ್ದು ಮೈಗೆ ಹತ್ತಲಿಲ್ಲ. ಹೊಗಳಿದವರ ಮುಖ ನೋಡಲು ನಾಚಿಕೆ, ಹೇಳಿಬಿಡಲು ಭಯ. ಸಾತವ್ವ ಏನಾತು ಏನಾತು ಎಂದು ಪೀಡಿಸಿದರೆ ಪಿತ್ತ ಎಂದು ಸುಳ್ಳು ಹೇಳಿದ. ಮರುವರ್ಷ ಮುದ್ದೇಬಿಹಾಳದ ತಂಡ ಹಾಜಿಮಲಂಗನಿಲ್ಲದೆ ಬಂತು. ಕೇಳಿದರೆ, "ಅಂವ ಆಟ ಬಿಟ್ಟಾನ್ರಿ. ಆಡದವಂಗ ಪಗಾರ ಯಾರು ಕೊಡ್ತಾರ?" ಎಂದರು. ಹುಡುಗ ಕುಂಟನಾದ, ಕುಂಟನಾದ ಎಂದು ಅದೊಂದೇ ಮಾತು ಸಂಗಣ್ಣನ ತಲೆಯಲ್ಲಿ ಸುತ್ತತೊಡಗಿತು. ಕಡೆಗೆ ಒಂದು ಚೀಲ ಶೇಂಗಾ ಕಟ್ಟಿಕೊಂಡು ಮುದ್ದೇಬಿಹಾಳದ ಬಸ್ಸು ಹತ್ತಿದ.

ಮನೆ ಹುಡುಕಿ ಹೋದಾಗ ಎದುರಿಗೇ ಹಾಜಿಮಲಂಗ ಎರಡು ಕೊಡ ನೀರು ಹೊತ್ತು ಬರುತ್ತಿದ್ದ. ನಡಿಗೆ ನೆಟ್ಟಗಿತ್ತು. ಸಂಗಣ್ಣನ ಜೀವ ಹೂವಿನಷ್ಟು ಹಗುರಾಯಿತು.

"ಕಾಲು ಆರಾಮ ಐತಲ್ಲೊ ತಮ್ಮಾ."

"ಆರಾಮ ಐತ್ರಿ ಕಾಕಾ. ವಿಜಾಪುರದ ಡಾಕ್ಟರು ಹೋದ ಬ್ಯಾಸಗ್ಯಾಗನ ಇನ್ನ ಆಡಬಹುದು ಅಂದಾರ. ಬರ್ರಿ, ಒಳಗ ಬರ್ರಿ."

"ಮತ್ತ ಆಟ ಯಾಕ ಬಿಟ್ಟಿ?"

ಹುಡುಗ ಒಳಗೆ ಬಂದು ಕೊಡ ಇಳಿಸಿದ. ಒಲೆಯ ಮೇಲೆ ಚಹಾ ಇಟ್ಟಿದ್ದ ತಾಯಿ ಖಾತುನಬಿ ಅವನ ಪರವಾಗಿ ಹೇಳಿದಳು, "ಅವತ್ತ ಜಾರಿದ ಮ್ಯಾಲ ಇವಂಗ ತನ್ನ ಕಾಲಿನ ಭರೋಸಾನ ಹೋಗೇತ್ರಿ ಅಣ್ಣಾರ."

"ಬ್ಯಾರೆ ಕಣ ಆಗಿದ್ರ ತಪ್ಪು ಕಣದ ಮ್ಯಾಲ ಹಾಕ್ತಿದ್ದೆ ಕಾಕಾ" ಎಂದ ಹಾಜಿಮಲಂಗ. "ನೀವು ಮಾಡಿದ ಕಣ ಅದು. ಅಲ್ಲೇ ಬಿದ್ದವ ಇನ್ನೆಲ್ಲಿ ನಿಂತಾನು? ಜಿಗಿಬೇಕು ಅಂದ್ರ ಸಾಕು, ಕಾಲು ನಡಗತೈತಿ. ತಪ್ಪು ನನ್ನ ಕಾಲಿಂದ."

ಸಂಗಣ್ಣ ಹೊತ್ತು ತಂದ ಶೇಂಗಾ ಚೀಲ ಕೆಳಗಿಟ್ಟು ಕೂತ. ಮುರಿದ ಎಲುಬು ಯಾವಾಗಲೋ ಕೂಡಿತ್ತು. ಹುಡುಗನನ್ನು ಮನೆಯಲ್ಲಿ ಕೂರಿಸಿದ್ದು ತನ್ನ ಒಳ್ಳೆಯ ಹೆಸರು, ಆ ಹೆಸರು ಉಳಿಯಲೆಂದು ತಾನು ಸುಮ್ಮನಿದ್ದ ಆ ಇಡೀ ವರ್ಷ. ಒಂದೇ ಒಂದು ಮಾತಿನಿಂದ ಅವನನ್ನು ಎಬ್ಬಿಸಬಹುದಿತ್ತು.

"ನಿನ್ನ ಕಾಲಿಂದಲ್ಲೋ ತಮ್ಮಾ" ಎಂದ. ಎರೆಮಣ್ಣು, ಸಗಣಿ, ನೀರು, ಉಸುಕು, ಎಲ್ಲ ಹೇಳಿದ. ಹೇಳುವಾಗ ತಲೆ ಎತ್ತಲಿಲ್ಲ.

ಹಾಜಿಮಲಂಗ ಕೇಳಿದ, "ವರ್ಷತನಕ ಯಾಕ ಹೇಳಲಿಲ್ರಿ?"

"ಮಂದಿ ನನ್ನ ಕಣ ಹೊಗಳಾಕತ್ತಿದ್ರು."

ಹುಡುಗ ಬೈಯಲಿಲ್ಲ. ಮನೆಯ ಮುಂದಿನ ಅಂಗಳಕ್ಕೆ ಹೋಗಿ, ಎಡಗಾಲೂರಿ ಜಿಗಿದ. ನೆಟ್ಟಗೆ ಇಳಿದ. ಮತ್ತೊಮ್ಮೆ ಜಿಗಿದ, ಮತ್ತೂ ಒಮ್ಮೆ. ಆಮೇಲೆ ಗೋಡೆಗೆ ಮುಖ ಮಾಡಿ ಅಳತೊಡಗಿದ.

ಖಾತುನಬಿ ಮಗನನ್ನು ನೋಡುತ್ತ ನಿಂತಿದ್ದಳು. ಒಲೆಯಲ್ಲಿ ಚಹಾ ಉಕ್ಕಿ ಹೋಯಿತು, ಅವಳು ಅತ್ತ ತಿರುಗಲಿಲ್ಲ.

"ಈ ವರ್ಷೆಲ್ಲಾ ಕಲ್ಲು ತಗೊಂಡು ತನ್ನ ಕಾಲಿಗೆ ತಾನ ಹೊಡಕೋತಿದ್ದ್ರಿ ಅಣ್ಣಾರ" ಎಂದಳು. "ನಾ ಕೈ ಹಿಡೀತಿದ್ದೆ."